ಸೂಜಿ ಚುಚ್ಚಿಸಿಕೊಂಡು ಆಪರೇಷನ್ ಮಾಡಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮ ಅತ್ತೆಗೆ ಥೈರಾಯ್ಡ್ ಗಂಟು ತೆಗೆಯಬೇಕು ಅಂದಿದ್ದಾರೆ. ಅನಸ್ತೇಷಿಯಾ ಅಂದ್ರೇನೇ ಅವರಿಗೆ ಭಯ, "ಆಮೇಲೆ ಎಚ್ಚರಾನೇ ಆಗದಿದ್ರೆ?" ಅಂತಾರೆ. ಚೀನಾದಲ್ಲಿ ಬರೀ ಅಕ್ಯುಪಂಕ್ಚರ್ ಸೂಜಿ ಚುಚ್ಚಿ ಹೃದಯದ ಆಪರೇಷನ್ ಮಾಡೋ ವಿಡಿಯೊ ಯಾರೋ ಕಳಿಸಿದ್ದಾರೆ. ನಿಜವಾ?

ಉತ್ತರ (ಅರಿವಳಿಕೆ ತಜ್ಞೆ): ಸೂಜಿ ಚುಚ್ಚಿದ್ದು ನಿಜ, "ಬರೀ" ಅನ್ನೋದು ಸುಳ್ಳು. ಇಂಥದ್ದೇ ಒಂದು ಆಪರೇಷನ್ನನ್ನು 2006ರಲ್ಲಿ ಬಿಬಿಸಿ ಶಾಂಘೈಯಿಂದ ತೋರಿಸಿತ್ತು. ಆಪರೇಷನ್ ಮಾಡಿಸಿಕೊಂಡ ಹುಡುಗಿಗೆ ಮಂಪರು ಬರಿಸುವ ಮಿಡಾಜೋಲಾಮ್, ಡ್ರೋಪೆರಿಡಾಲ್ ಜೊತೆಗೆ ಫೆಂಟನಿಲ್ ಕೊಟ್ಟಿದ್ದರು, ಎದೆಗೆ ಮರಗಟ್ಟಿಸುವ ಇಂಜೆಕ್ಷನ್ನೂ ಹಾಕಿದ್ದರು. ಫೆಂಟನಿಲ್ ನಾವು ದಿನಾ ಬಳಸುವ ಬಲವಾದ ನೋವಿನ ಔಷಧಿ. ನೋಡುವವರ ಕಣ್ಣಿಗೆ ಬೀಳುವುದು ಸೂಜಿ ಮಾತ್ರ.

ಇದು ಶುರುವಾದದ್ದು 1958ರಲ್ಲಿ, ಶಾಂಘೈಯಲ್ಲಿ, ಟಾನ್ಸಿಲ್ ಆಪರೇಷನ್‌ನಿಂದ. ಥೈರಾಯ್ಡಿಗೂ ಅಲ್ಲಿ ತುಂಬಾ ಬಳಸಿದರು. ರೋಗಿ ಎಚ್ಚರವಾಗಿದ್ದರೆ ಮಾತಾಡಿಸಿ ಧ್ವನಿಯ ನರ ಸರಿಯಿದೆಯಾ ನೋಡಬಹುದಿತ್ತು. ಆದರೆ ಧೈರ್ಯವಂತರನ್ನು ಆರಿಸಿ, ಮೊದಲೇ ತಯಾರು ಮಾಡಿ ಕರೆತರುತ್ತಿದ್ದರು. ಭಯಪಡುವ ನಿಮ್ಮ ಅತ್ತೆಯಂಥವರಿಗೆ ಹೇಳಿಮಾಡಿಸಿದ್ದಲ್ಲ.

ಇನ್ನೊಬ್ಬ ಸದಸ್ಯರು: ಜೇಮ್ಸ್ ರೆಸ್ಟನ್ ಅನ್ನೋ ಅಮೆರಿಕದ ಪತ್ರಕರ್ತರಿಗೆ ಸೂಜಿಯಲ್ಲೇ ಅಪೆಂಡಿಕ್ಸ್ ತೆಗೆದಿದ್ರಂತಲ್ಲ ಮೇಡಂ?

ಉತ್ತರ: ಎಲ್ಲರೂ ಹಾಗೇ ಹೇಳ್ತಾರೆ ಸರ್. 1971ರ ಜುಲೈನಲ್ಲಿ ಬೀಜಿಂಗ್‌ನಲ್ಲಿ ಅವರಿಗೆ ಆಪರೇಷನ್ ಆದದ್ದು ಮರಗಟ್ಟಿಸುವ ಮಾಮೂಲಿ ಇಂಜೆಕ್ಷನ್ ಕೊಟ್ಟೇ. ಸೂಜಿ ಚುಚ್ಚಿದ್ದು ಆಮೇಲೆ, ಹೊಟ್ಟೆ ಉಬ್ಬರಿಸಿ ಸಂಕಟವಾದಾಗ: ಬಲ ಮೊಣಕೈಗೆ, ಮಂಡಿ ಕೆಳಗೆ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅವರೇ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಬಾಯಿಂದ ಬಾಯಿಗೆ ಹೋಗ್ತಾ ಕಥೆ ಬದಲಾಯಿತು.

ಪ್ರಶ್ನೆ ಕೇಳಿದವರು: ಹಾಗಾದ್ರೆ ಸೂಜಿಯಿಂದ ಏನೂ ಉಪಯೋಗ ಇಲ್ವಾ?

ಉತ್ತರ: ಹಾಗಂತ ನಾನು ಹೇಳಲ್ಲ. ಸೂಜಿ ಚುಚ್ಚಿ ಕರೆಂಟ್ ಹಾಯಿಸಿದಾಗ ದೇಹದಲ್ಲಿ ಎಂಡಾರ್ಫಿನ್ (ದೇಹವೇ ತಯಾರಿಸುವ, ನೋವು ತಗ್ಗಿಸುವ ರಾಸಾಯನಿಕ) ಬಿಡುಗಡೆಯಾಗುತ್ತೆ ಅಂತ ಬೀಜಿಂಗ್‌ನ ಸಂಶೋಧಕ ಹಾನ್ ಜಿಶೆಂಗ್ ಅವರ ತಂಡ ತೋರಿಸಿದೆ. ಅದರಿಂದ ನೋವು ಸ್ವಲ್ಪ ತಗ್ಗಬಹುದು, ಕತ್ತರಿಸುವ ನೋವು ಅಳಿಸಿಹೋಗಲ್ಲ, ಸ್ನಾಯುಗಳೂ ಸಡಿಲವಾಗಲ್ಲ. ಮಣಿಕಟ್ಟಿನ ಒಳಭಾಗದಲ್ಲಿ, ಗೆರೆಯಿಂದ ಮೂರು ಬೆರಳು ಮೇಲೆ ಇರುವ ಜಾಗವನ್ನು ಒತ್ತಿದರೆ ಆಪರೇಷನ್ ನಂತರದ ವಾಂತಿ, ವಾಕರಿಕೆ ಕಡಿಮೆಯಾಗುತ್ತೆ, ಅದಕ್ಕೆ ಒಳ್ಳೆಯ ಪುರಾವೆ ಇದೆ.

ಅತ್ತೆಯವರನ್ನು ಆಪರೇಷನ್‌ಗೆ ಮೊದಲೇ ಅರಿವಳಿಕೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, "ಎಚ್ಚರಾಗದಿದ್ರೆ?" ಅನ್ನೋದನ್ನು ಅತ್ತೆಯವರ ಬಾಯಲ್ಲೇ ಕೇಳಿಸಿ. ಭಯ ಕಡಿಮೆ ಮಾಡೋ ಔಷಧಿ ನಮ್ಮ ಹತ್ತಿರ ಇದೆ. ಥೈರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅಲ್ಲಾಡುವ ಹಲ್ಲಿದ್ದರೆ ಅದನ್ನೂ ಹೇಳಿ.