ಐದು ಕಡೆ ನಿರಾಕರಣೆಯಾದ ಮೇಲೆ ಅಂಗಡಿ ಅಥವಾ ರೆಸ್ಟೋರೆಂಟ್ ಕೆಲಸಕ್ಕೆ ಮತ್ತೆ ಪ್ರಯತ್ನಿಸುವುದು ಹೇಗೆ?

ಪ್ರಶ್ನೆ (ಮೊದಲ ಕೆಲಸದ ಹುಡುಕಾಟದಲ್ಲಿರುವವನು):

ಎಲ್ಲರಿಗೂ ನಮಸ್ಕಾರ. ಕಳೆದ ಮೂರು ತಿಂಗಳಲ್ಲಿ ನಾನು ಎರಡು ಬಟ್ಟೆ ಅಂಗಡಿ, ಒಂದು ಸೂಪರ್‌ಮಾರ್ಕೆಟ್, ಒಂದು ಬೇಕರಿ ಮತ್ತು ಒಂದು ರೆಸ್ಟೋರೆಂಟ್, ಹೀಗೆ ಐದು ಕಡೆ ಕೆಲಸಕ್ಕೆ ಅರ್ಜಿ ಹಾಕಿದೆ. ಎರಡು ಕಡೆ ಸಂದರ್ಶನಕ್ಕೆ ಕರೆದರು. ಒಂದು ಕಡೆಯಿಂದ ‘ಈ ಬಾರಿ ನಿಮ್ಮನ್ನು ಆಯ್ಕೆ ಮಾಡಲಾಗಿಲ್ಲ’ ಎಂಬ ಎರಡು ಸಾಲಿನ ಇಮೇಲ್ ಬಂತು. ಉಳಿದ ಕಡೆಗಳಿಂದ ಏನೂ ಬರಲಿಲ್ಲ. ಅನುಭವ ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದ ಕೆಲಸಗಳಿಗೇ ನನ್ನನ್ನು ಬೇಡವೆಂದರೆ ನನ್ನಲ್ಲಿ ಏನೋ ದೊಡ್ಡ ಕೊರತೆ ಇರಬೇಕು ಎಂಬ ಭಾವನೆ ಬಂದುಬಿಟ್ಟಿದೆ, ಮತ್ತು ಆರನೆಯ ಅರ್ಜಿಯನ್ನು ತೆರೆದು ಕುಳಿತರೆ ಕೈ ಮುಂದೆ ಹೋಗುತ್ತಿಲ್ಲ.

ನನಗೆ ವಾರದಲ್ಲಿ ಐದು ದಿನ ಸಂಜೆ ತರಗತಿಗಳಿವೆ. ಮೊದಲ ಮೂರು ಅರ್ಜಿಗಳಲ್ಲಿ ‘ಯಾವ ಸಮಯವಾದರೂ ಸರಿ’ ಎಂದು ಬರೆದು, ಸಂದರ್ಶನದಲ್ಲಿ ತರಗತಿಗಳ ವಿಷಯ ಹೇಳಿದೆ. ನಂತರದ ಎರಡರಲ್ಲಿ ಆ ಅಂಕಣವನ್ನು ಖಾಲಿ ಬಿಟ್ಟೆ. ನನ್ನ ಪ್ರಶ್ನೆಗಳು ಮೂರು. ಬೇಡ ಎಂದ ಜಾಗಕ್ಕೇ ಮತ್ತೆ ಅರ್ಜಿ ಹಾಕಬಹುದೇ? ಏಕೆ ಬೇಡವೆಂದಿರಿ ಎಂದು ಕೇಳುವುದು ಸರಿಯೇ? ಕೆಲಸದ ಅನುಭವವೇ ಇಲ್ಲದವನು ರೆಸ್ಯೂಮೆಯಲ್ಲಿ ಏನು ಬರೆಯಬೇಕು?

ಉತ್ತರ 1 (ಅಂಗಡಿಯಲ್ಲಿ ನೇಮಕಾತಿ ನೋಡಿಕೊಳ್ಳುವವರು):

ನಿಮ್ಮ ಕಷ್ಟದ ಮೂಲ ನೀವೇ ಬರೆದ ಎರಡನೆಯ ಪ್ಯಾರಾದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಹನ್ನೆರಡು ವರ್ಷಗಳಿಂದ ನಾನು ಅಂಗಡಿಗೆ ಜನರನ್ನು ಆರಿಸುವ ಕೆಲಸ ಮಾಡುತ್ತಿದ್ದೇನೆ. ಅರ್ಜಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಓದನ್ನೂ ಅಲ್ಲ, ಅನುಭವವನ್ನೂ ಅಲ್ಲ, ಕೆಲಸಕ್ಕೆ ಸಿಗುವ ಸಮಯವನ್ನು. ಏಕೆಂದರೆ ನನ್ನ ಮುಂದೆ ವಾರದ ಪಾಳಿಪಟ್ಟಿ ಇರುತ್ತದೆ, ಅದರಲ್ಲಿ ಯಾರೋ ಕೆಲಸ ಬಿಟ್ಟುಹೋದ ಕಡೆ ಖಾಲಿ ಚೌಕಗಳಿರುತ್ತವೆ, ಮತ್ತು ನಾನು ಹುಡುಕುತ್ತಿರುವುದು ಆ ಚೌಕಗಳನ್ನು ತುಂಬಬಲ್ಲ ವ್ಯಕ್ತಿಯನ್ನು. ಬಿಟ್ಟುಹೋದವರು ಸಂಜೆ ಪಾಳಿಯವರಾಗಿದ್ದರೆ, ಬೆಳಿಗ್ಗೆ ಮಾತ್ರ ಸಿಗುವ ಅಭ್ಯರ್ಥಿ ಎಷ್ಟೇ ಒಳ್ಳೆಯವರಾಗಿದ್ದರೂ ನಾನು ಬೇಡವೆನ್ನಲೇಬೇಕಾಗುತ್ತದೆ. ಆ ನಿರಾಕರಣೆಗೂ ಅವರ ಯೋಗ್ಯತೆಗೂ ಸಂಬಂಧವಿಲ್ಲ. ಆದರೆ ಎರಡು ಸಾಲಿನ ಇಮೇಲ್‌ನಲ್ಲಿ ಆ ಮಾತು ಬರುವುದಿಲ್ಲ ಎಂಬುದು ನನಗೂ ಬೇಸರದ ವಿಷಯ.

‘ಯಾವ ಸಮಯವಾದರೂ ಸರಿ’ ಎಂದು ಬರೆದು ಸಂದರ್ಶನದಲ್ಲಿ ಐದು ಸಂಜೆ ಸಿಗುವುದಿಲ್ಲ ಎಂದರೆ, ಎದುರಿಗಿರುವವರಿಗೆ ಮುಂದೆ ಇನ್ನೇನು ಬದಲಾಗುವುದೋ ಎಂಬ ಅನುಮಾನ ಹುಟ್ಟುತ್ತದೆ. ಅಂಕಣ ಖಾಲಿ ಬಿಡುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಆನ್‌ಲೈನ್ ಅರ್ಜಿಗಳನ್ನು ಮೊದಲು ಜರಡಿ ಹಿಡಿಯುವ ತಂತ್ರಾಂಶ ಅನೇಕ ದೊಡ್ಡ ಮಳಿಗೆಗಳಲ್ಲಿದೆ, ಮತ್ತು ಖಾಲಿ ಉತ್ತರವಿರುವ ಅರ್ಜಿ ಮನುಷ್ಯರ ಕಣ್ಣಿಗೆ ಬೀಳದೆಯೇ ಹಿಂದೆ ಸರಿಯಬಹುದು. ಸಮಯವನ್ನು ದಿನವಾರು, ಗಂಟೆ ಸಹಿತ ಬರೆಯಿರಿ. ಅಷ್ಟೇ ಅಲ್ಲ, ನಿಮಗಿರುವ ಸಮಯಕ್ಕೆ ಹೊಂದುವ ಕೆಲಸವನ್ನೇ ಹೆಸರಿಸಿ ಕೇಳಿ. ಬಹಳಷ್ಟು ಮಳಿಗೆಗಳಲ್ಲಿ ಸರಕು ಇಳಿಸುವುದು, ಎಣಿಸುವುದು, ಕಪಾಟು ತುಂಬುವುದು ಮುಂತಾದ ಕೆಲಸ ಬಾಗಿಲು ತೆರೆಯುವ ಮೊದಲೇ ನಡೆಯುತ್ತದೆ. ಆ ಹೊತ್ತಿಗೆ ತಪ್ಪದೆ ಬರುವವರು ಸಿಗುವುದು ಕಷ್ಟ. ‘ಬೆಳಗಿನ ಸರಕಿನ ಪಾಳಿಗೆ ಬರಬಲ್ಲೆ’ ಎಂಬ ಒಂದು ಸಾಲು ಇರುವ ಅರ್ಜಿಯನ್ನು ನಾನು ಪಕ್ಕಕ್ಕೆ ತೆಗೆದಿಡುತ್ತೇನೆ.

ಕಾರಣ ಕೇಳುವುದು ಖಂಡಿತ ಸರಿ. ಆದರೆ ‘ಏಕೆ ಬೇಡವೆಂದಿರಿ’ ಎಂದು ಕೇಳಿದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ, ಹಾಗಾಗಿ ಅನೇಕರು ಉತ್ತರಿಸುವುದೇ ಇಲ್ಲ. ಸಂದರ್ಶನಕ್ಕೆ ಸಮಯ ಕೊಟ್ಟಿದ್ದಕ್ಕೆ ವಂದಿಸಿ, ‘ಬೇರೆ ಪಾಳಿಗೆ ಸಿಗುವಂತಿದ್ದರೆ ನನ್ನನ್ನು ಪರಿಗಣಿಸುತ್ತಿದ್ದಿರಾ’ ಎಂದು ಒಂದೇ ಪ್ರಶ್ನೆ ಕೇಳಿ. ಅದಕ್ಕೆ ಹೌದು ಅಥವಾ ಇಲ್ಲ ಎಂದು ಒಂದು ನಿಮಿಷದಲ್ಲಿ ಉತ್ತರಿಸಬಹುದು.

ಉತ್ತರ 2 (ರೆಸ್ಟೋರೆಂಟ್ ಅಡುಗೆಮನೆಯ ಮೇಲ್ವಿಚಾರಕರು):

ಮೇಲಿನವರು ಅಂಗಡಿಯ ಬಗ್ಗೆ ಹೇಳಿದ್ದಾರೆ, ನಾನು ಅಡುಗೆಮನೆಯ ಕಡೆಯಿಂದ ಹೇಳುತ್ತೇನೆ. ನಮ್ಮಲ್ಲಿ ಇಂದಿಗೂ ಅರ್ಧಕ್ಕಿಂತ ಹೆಚ್ಚು ನೇಮಕ ಮುಖತಃ ಭೇಟಿಯಿಂದಲೇ ಆಗುತ್ತದೆ, ಆದರೆ ಬರುವ ಹೊತ್ತು ಮುಖ್ಯ. ಮಧ್ಯಾಹ್ನದ ಊಟದ ಜನಸಂದಣಿಯಲ್ಲಿ ಬಂದು ಮ್ಯಾನೇಜರ್ ಎಲ್ಲಿ ಎಂದು ಕೇಳಿದವರಿಗೆ ಈ ಕೆಲಸದ ಲಯ ತಿಳಿದಿಲ್ಲ ಎಂದು ನಾವು ಆ ಕ್ಷಣವೇ ತೀರ್ಮಾನಿಸಿಬಿಡುತ್ತೇವೆ. ಮಧ್ಯಾಹ್ನದ ಭರಾಟೆ ಇಳಿದು ರಾತ್ರಿಯ ತಯಾರಿ ಆರಂಭವಾಗುವ ಮೊದಲು, ಸುಮಾರು ಮೂರು ಗಂಟೆಯ ಹೊತ್ತಿಗೆ, ಬನ್ನಿ. ರೆಸ್ಯೂಮೆಯನ್ನು ಕೌಂಟರಿನಲ್ಲಿದ್ದವರ ಕೈಗೆ ಕೊಟ್ಟು ಹೊರಡಬೇಡಿ. ಜನರನ್ನು ತೆಗೆದುಕೊಳ್ಳುವವರು ಯಾರು, ಅವರು ಯಾವಾಗ ಸಿಗುತ್ತಾರೆ ಎಂದು ಕೇಳಿಕೊಂಡು, ಅವರಿಲ್ಲದಿದ್ದರೆ ಇನ್ನೊಮ್ಮೆ ಬನ್ನಿ. ಬರುವಾಗ ಬೆರಳು ಮುಚ್ಚುವ, ಜಾರದ ಶೂ ಹಾಕಿಕೊಂಡು ಬನ್ನಿ, ಏಕೆಂದರೆ ‘ಈಗಲೇ ಒಂದು ಗಂಟೆ ಮಾಡಿ ತೋರಿಸುತ್ತೀರಾ’ ಎಂದು ಕೇಳುವುದುಂಟು. ಆ ಪರೀಕ್ಷಾ ಪಾಳಿ ಎಷ್ಟು ಹೊತ್ತು, ಅದಕ್ಕೆ ಸಂಬಳ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಪರೀಕ್ಷೆಯ ಹೆಸರಿನಲ್ಲಿ ಇಡೀ ದಿನ ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯ, ಅಂಥ ಜಾಗದಿಂದ ಹೊರಬಂದರೆ ನೀವು ಕಳೆದುಕೊಳ್ಳುವುದೇನೂ ಇಲ್ಲ.

ಆ ಒಂದು ಗಂಟೆಯಲ್ಲಿ ನಾನು ಹೊಸಬರ ಕೈಚಳಕವನ್ನು ನೋಡುವುದಿಲ್ಲ, ಅದನ್ನು ಕಲಿಸಬಹುದು. ಒಳಗೆ ಬಂದ ಕೂಡಲೇ ಹೇಳಿಸಿಕೊಳ್ಳದೆ ಕೈ ತೊಳೆದರೇ, ಫೋನ್ ಮುಟ್ಟಿದ ಮೇಲೆ ಮತ್ತೆ ತೊಳೆದರೇ, ಬಿಸಿ ಪಾತ್ರೆ ಹಿಡಿದು ಇನ್ನೊಬ್ಬರ ಬೆನ್ನ ಹಿಂದೆ ಹಾದುಹೋಗುವಾಗ ಗಟ್ಟಿಯಾಗಿ ಹೇಳಿದರೇ, ಕೈ ಬಿಡುವಾದಾಗ ಸುಮ್ಮನೆ ನಿಂತರೇ ಅಥವಾ ಮೇಜು ಒರೆಸಲು ಮುಂದಾದರೇ, ಇಷ್ಟನ್ನೇ ನೋಡುತ್ತೇನೆ. ಅನುಭವವಿಲ್ಲದವರು ಆಹಾರ ಸುರಕ್ಷತೆಯ ಮೂಲಪಾಠವನ್ನು ತಿಳಿದುಕೊಂಡು ಬಂದರೆ ಅದು ಅನುಭವಕ್ಕೆ ಬಹುಮಟ್ಟಿಗೆ ಸಮ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಸುರಕ್ಷಿತ ಆಹಾರದ ಐದು ಸೂತ್ರಗಳು ಒಂದೇ ಪುಟದಷ್ಟಿವೆ: ಸ್ವಚ್ಛತೆ ಕಾಪಾಡುವುದು, ಹಸಿ ಆಹಾರವನ್ನೂ ಬೇಯಿಸಿದ್ದನ್ನೂ ಬೇರೆ ಬೇರೆ ಇಡುವುದು, ಪೂರ್ತಿ ಬೇಯಿಸುವುದು, ಸುರಕ್ಷಿತ ಉಷ್ಣಾಂಶದಲ್ಲಿ ಇಡುವುದು, ಶುದ್ಧ ನೀರು ಮತ್ತು ಒಳ್ಳೆಯ ಕಚ್ಚಾ ಪದಾರ್ಥ ಬಳಸುವುದು. 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗಿನ ಉಷ್ಣಾಂಶದಲ್ಲಿ ರೋಗಾಣುಗಳು ಬೇಗ ಹೆಚ್ಚುತ್ತವೆ, ಆದ್ದರಿಂದ ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು ಎಂದು ಸಂದರ್ಶನದಲ್ಲಿ ವಿವರಿಸಬಲ್ಲ ಹೊಸಬರು ನನಗೆ ತೀರ ಅಪರೂಪಕ್ಕೆ ಸಿಕ್ಕಿದ್ದಾರೆ. ಸಿಕ್ಕವರನ್ನು ನಾನು ಬಿಟ್ಟಿಲ್ಲ.

ಇನ್ನೊಂದು ಮಾತು. ಬಡಿಸುವ ಕೆಲಸಕ್ಕೆ ಅರ್ಜಿ ಹಾಕುವವರು ಹೆಚ್ಚು, ಪಾತ್ರೆ ತೊಳೆಯುವ ಕೆಲಸಕ್ಕೆ ಕಡಿಮೆ. ಅದು ಮೈಮುರಿಯುವ ಕೆಲಸ ನಿಜ, ಆದರೆ ಅಡುಗೆಮನೆಯ ಪ್ರತಿಯೊಂದು ಮೂಲೆಯೂ ಅಲ್ಲಿಂದ ಕಾಣುತ್ತದೆ. ತರಕಾರಿ ಹೆಚ್ಚುವವರು ಒಬ್ಬರು ಬಾರದ ದಿನ ನಾವು ಮೊದಲು ಕರೆಯುವುದು ಅಲ್ಲಿ ನಿಂತವರನ್ನೇ. ನಾನು ಬಂದದ್ದೂ ಅದೇ ಬಾಗಿಲಿನಿಂದ.

ಪ್ರಶ್ನೆ ಕೇಳಿದವರ ಮಾತು:

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಪಾಳಿಪಟ್ಟಿಯ ಕಡೆಯಿಂದ ನಾನು ಎಂದೂ ಯೋಚಿಸಿರಲಿಲ್ಲ. ಇನ್ನೆರಡು ವಿಷಯ ಕೇಳಬೇಕಿದೆ. ಮನೆಯಲ್ಲಿ ಅಮ್ಮನ ಅನಾರೋಗ್ಯದ ಕಾರಣ ನಾನು ಒಂದು ವರ್ಷ ಏನೂ ಮಾಡದೆ ಅವರ ಆರೈಕೆಯಲ್ಲಿದ್ದೆ. ಆ ವರ್ಷದ ಬಗ್ಗೆ ಕೇಳಿದಾಗ ಗಂಟಲು ಕಟ್ಟಿ, ಬಹಳ ಹೊತ್ತು ಏನೇನೋ ಹೇಳಿದೆ. ಮತ್ತೆ, ಸಿಟ್ಟಾದ ಗ್ರಾಹಕರು ಎದುರಾದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ‘ಮ್ಯಾನೇಜರನ್ನು ಕರೆಯುತ್ತೇನೆ’ ಎಂದಷ್ಟೇ ಹೇಳಿದೆ. ಅದು ತಪ್ಪು ಉತ್ತರವೇ?

ಉತ್ತರ 3 (ಒಂದೇ ಜಾಗದಲ್ಲಿ ಎರಡು ಬಾರಿ ನಿರಾಕರಣೆಗೊಂಡವಳು):

ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಈಗ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುವ ಮಳಿಗೆ ನನ್ನನ್ನು ಎರಡು ಬಾರಿ ಬೇಡವೆಂದಿತ್ತು. ಮೂರನೆಯ ಬಾರಿ ತೆಗೆದುಕೊಂಡಿತು. ನಡುವೆ ನಾನು ಬೇರೆ ಮನುಷ್ಯಳಾಗಿರಲಿಲ್ಲ. ಮಾರಾಟ ಏರುವ ಋತುವಿಗೆ ಎರಡು ತಿಂಗಳು ಮೊದಲು ಅರ್ಜಿ ಹಾಕಿದ್ದೆ, ಅಷ್ಟೇ. ಆ ಸಮಯದಲ್ಲಿ ತಾತ್ಕಾಲಿಕವಾಗಿ ಹೆಚ್ಚು ಜನರನ್ನು ತೆಗೆದುಕೊಳ್ಳುತ್ತಾರೆ, ಋತು ಮುಗಿದ ಮೇಲೆ ಚೆನ್ನಾಗಿ ದುಡಿದ ಕೆಲವರನ್ನು ಉಳಿಸಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು, ಮತ್ತೆ ಹಾಕಿ.

ಅಮ್ಮನನ್ನು ನೋಡಿಕೊಂಡ ವರ್ಷವನ್ನು ‘ಏನೂ ಮಾಡದ’ ವರ್ಷ ಎಂದು ದಯವಿಟ್ಟು ಕರೆಯಬೇಡಿ. ಹೊತ್ತಿಗೆ ಸರಿಯಾಗಿ ಔಷಧಿ ಕೊಟ್ಟಿದ್ದೀರಿ, ಮನೆಯ ಖರ್ಚು ನೋಡಿಕೊಂಡಿದ್ದೀರಿ, ದಣಿದು ಸಿಡುಕುವವರ ಜೊತೆ ತಾಳ್ಮೆಯಿಂದ ಇದ್ದೀರಿ. ಆದರೂ ಸಂದರ್ಶನದಲ್ಲಿ ಅದಕ್ಕೆ ಎರಡು ವಾಕ್ಯ ಸಾಕು: ‘ಒಂದು ವರ್ಷ ಮನೆಯಲ್ಲಿ ಅನಾರೋಗ್ಯದಲ್ಲಿದ್ದವರ ಆರೈಕೆ ಮಾಡಿದೆ. ಈಗ ಆ ಹೊಣೆ ಮುಗಿದಿದೆ, ಕೆಲಸಕ್ಕೆ ನಿಯಮಿತವಾಗಿ ಬರಬಲ್ಲೆ.’ ಎದುರಿಗಿರುವವರು ನಿಜವಾಗಿ ತಿಳಿಯಬಯಸುವುದು ಎರಡನೆಯ ವಾಕ್ಯವನ್ನು. ಅದನ್ನು ಮನೆಯಲ್ಲಿ ಗಟ್ಟಿಯಾಗಿ ಹತ್ತು ಸಲ ಹೇಳಿ ಅಭ್ಯಾಸ ಮಾಡಿ. ನಾನು ಕನ್ನಡಿಯ ಮುಂದೆ ನಿಂತು ಮಾಡಿದ್ದೆ.

ಸಿಟ್ಟಾದ ಗ್ರಾಹಕರ ಪ್ರಶ್ನೆಗೆ ನಿಮ್ಮ ಉತ್ತರ ತಪ್ಪಲ್ಲ, ಆದರೆ ಅದು ಕೊನೆಯ ಹೆಜ್ಜೆ. ಮೊದಲು ಮಾತು ಕಡಿಯದೆ ಕೇಳುತ್ತೇನೆ, ಆದದ್ದಕ್ಕೆ ಕ್ಷಮೆ ಕೇಳುತ್ತೇನೆ, ನನ್ನ ಅಧಿಕಾರದಲ್ಲಿ ಏನು ಮಾಡಬಹುದೋ ಅದನ್ನು ಹೇಳುತ್ತೇನೆ, ಅದು ಸಾಲದಿದ್ದರೆ ಮ್ಯಾನೇಜರನ್ನು ಕರೆದು ಗ್ರಾಹಕರು ಮತ್ತೆ ಮೊದಲಿನಿಂದ ಹೇಳಬೇಕಾಗದಂತೆ ವಿಷಯ ತಿಳಿಸುತ್ತೇನೆ ಎನ್ನಿ. ಸಾಧ್ಯವಾದರೆ ನಿಮ್ಮ ಜೀವನದ ಒಂದು ಘಟನೆಯನ್ನು ಸೇರಿಸಿ: ಏನಾಗಿತ್ತು, ನಿಮ್ಮ ಹೊಣೆ ಏನಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ರೆಸ್ಯೂಮೆಗೂ ಇದೇ ಮಾತು ಅನ್ವಯಿಸುತ್ತದೆ. ನನ್ನ ಮೊದಲ ರೆಸ್ಯೂಮೆಯಲ್ಲಿ ‘ಶ್ರಮಜೀವಿ, ಪ್ರಾಮಾಣಿಕ’ ಎಂದಿತ್ತು. ಮೂರನೆಯದರಲ್ಲಿ ಅದನ್ನು ತೆಗೆದು, ‘ಕಾಲೇಜಿನ ಕಾರ್ಯಕ್ರಮದಲ್ಲಿ ಎರಡು ದಿನ ಟಿಕೆಟ್ ಹಣ ಪಡೆದು, ಸಂಜೆ ಲೆಕ್ಕ ಸರಿಹೊಂದಿಸಿ ಒಪ್ಪಿಸಿದ್ದೇನೆ’ ಎಂದು ಬರೆದೆ. ಸಂದರ್ಶನದ ಅರ್ಧ ಭಾಗ ಆ ಒಂದು ಸಾಲಿನ ಸುತ್ತಲೇ ನಡೆಯಿತು.

ಉತ್ತರ 1 ಬರೆದವರ ಸೇರ್ಪಡೆ:

ಮತ್ತೆ ಅರ್ಜಿ ಹಾಕುವ ಮಾತನ್ನು ನಾನೂ ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಕೆಲವು ದೊಡ್ಡ ಮಳಿಗೆಗಳ ವ್ಯವಸ್ಥೆ ನಿಗದಿತ ಅವಧಿ ಮುಗಿಯುವವರೆಗೆ ಅದೇ ಹುದ್ದೆಗೆ ಎರಡನೆಯ ಅರ್ಜಿಯನ್ನು ಸ್ವೀಕರಿಸುವುದಿಲ್ಲ, ಮತ್ತು ಹಳೆಯ ಉತ್ತರಗಳು ಅಲ್ಲಿ ಉಳಿದಿರಬಹುದು. ಸಮಯದ ಉತ್ತರ ಬದಲಾಗಿದ್ದರೆ ಏಕೆ ಬದಲಾಯಿತು ಎಂದು ಕೇಳುತ್ತಾರೆ. ‘ಮೊದಲು ಅಂದಾಜಿನಲ್ಲಿ ಬರೆದಿದ್ದೆ, ಈಗ ತರಗತಿಯ ವೇಳಾಪಟ್ಟಿ ನೋಡಿ ನಿಖರವಾಗಿ ಬರೆದಿದ್ದೇನೆ’ ಎಂದು ನೇರವಾಗಿ ಹೇಳಿ.

ನಿರಾಕರಣೆಗಳಿಂದ ಮನಸ್ಸು ಕುಗ್ಗಿದವರನ್ನೇ ಹುಡುಕಿ ಮೋಸ ಮಾಡುವವರಿದ್ದಾರೆ ಎಂಬುದೂ ನೆನಪಿರಲಿ. ಕೆಲಸ ಕೊಡಿಸಲು, ಸಮವಸ್ತ್ರಕ್ಕೆ ಅಥವಾ ತರಬೇತಿಗೆ ಎಂದು ಮುಂಗಡ ಹಣ ಕೇಳಿದರೆ ಕೊಡಬೇಡಿ. ಮೂಲ ದಾಖಲೆಗಳನ್ನು ತೋರಿಸಿ, ಯಾರ ಬಳಿಯೂ ಇಟ್ಟುಬರಬೇಡಿ.

ಪ್ರಶ್ನೆ ಕೇಳಿದವರ ಮಾತು:

ಇಂದು ಬೆಳಿಗ್ಗೆ ಆರನೆಯ ಅರ್ಜಿಯನ್ನು ತುಂಬಿದೆ. ಸಮಯದ ಅಂಕಣದಲ್ಲಿ ‘ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6ರಿಂದ ಮಧ್ಯಾಹ್ನ 2, ಶನಿವಾರ ಮತ್ತು ಭಾನುವಾರ ಇಡೀ ದಿನ’ ಎಂದು ಬರೆದು, ಸರಕು ಇಳಿಸುವ ಪಾಳಿಗೆ ಆದ್ಯತೆ ಎಂದು ಸೇರಿಸಿದ್ದೇನೆ. ಸಂದರ್ಶನ ಮಾಡಿದ್ದ ಬಟ್ಟೆ ಅಂಗಡಿಯ ಮ್ಯಾನೇಜರಿಗೆ ಆ ಒಂದು ಪ್ರಶ್ನೆಯನ್ನು ಕಳುಹಿಸಿದೆ. ಮಧ್ಯಾಹ್ನದೊಳಗೆ ಉತ್ತರ ಬಂತು: ಅವರಿಗೆ ಬೇಕಿದ್ದದ್ದು ವಾರದ ದಿನಗಳ ಸಂಜೆ ಪಾಳಿಗೆ, ಬೆಳಗಿನ ಜಾಗ ಖಾಲಿಯಾದರೆ ತಿಳಿಸುತ್ತಾರಂತೆ. ಮಂಗಳವಾರ ಮೂರು ಗಂಟೆಗೆ ರೆಸ್ಟೋರೆಂಟಿಗೆ ಹೋಗಿ ಪಾತ್ರೆ ತೊಳೆಯುವ ಕೆಲಸ ಇದೆಯೇ ಎಂದು ಕೇಳುವವನಿದ್ದೇನೆ. ಐದು ಸೂತ್ರಗಳನ್ನು ಕಾಗದದ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ, ಅಮ್ಮ ನನ್ನನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದಾರೆ.