ಬ್ರೇಕ್ ಬಿಡಿಭಾಗಗಳನ್ನು ಬದಲಿಸಿದರೆ ಪಿಕಪ್ ನಿಜವಾಗಿಯೂ ಬೇಗ ನಿಲ್ಲುತ್ತದೆಯೇ?

ಪ್ರಶ್ನೆ

ನನ್ನ ಬಳಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇರುವ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಅಳವಡಿಸಿದ ಪಿಕಪ್ ಇದೆ. ವಾರದಲ್ಲಿ ಮೂರ್ನಾಲ್ಕು ದಿನ ಒಂದು ಟನ್ನಿಗೆ ತುಸು ಕಡಿಮೆ ಸರಕು ಹೇರಿಕೊಂಡು ಓಡಿಸುತ್ತೇನೆ. ಉಳಿದ ದಿನ ಅದು ಖಾಲಿಯಾಗಿಯೇ ಓಡುತ್ತದೆ. ಕಳೆದ ವರ್ಷ 31 ಇಂಚಿನ ಟೈರುಗಳನ್ನು ತೆಗೆಸಿ 33 ಇಂಚಿನವನ್ನು ಹಾಕಿಸಿದೆ. ಹೊರೆ ಬಿದ್ದಾಗ ಹಿಂಭಾಗ ಕುಸಿಯದಿರಲೆಂದು ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದು ಪಟ್ಟಿಯನ್ನೂ ಸೇರಿಸಿದೆ.

ಈಚೆಗೆ ಸರಕು ತುಂಬಿಕೊಂಡು ಉದ್ದನೆಯ ಇಳಿಜಾರಿನಲ್ಲಿ ಬರುತ್ತಿದ್ದಾಗ ಮೂರನೆಯ ತಿರುವಿನ ಹೊತ್ತಿಗೆ ಸುಟ್ಟ ವಾಸನೆ ಬರತೊಡಗಿತು. ಮುಂದಿನ ತಿರುವಿನಲ್ಲಿ ಪೆಡಲ್ ಎಂದಿಗಿಂತ ಆಳಕ್ಕೆ ಇಳಿದು, ಕಾಲಡಿಯಲ್ಲಿ ಸ್ಪಂಜನ್ನು ಒತ್ತಿದಂತಾಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ವಾಹನ ಹಿಡಿತಕ್ಕೆ ಬಂತು. ಅರ್ಧ ಗಂಟೆ ಬದಿಗೆ ನಿಲ್ಲಿಸಿ ಹೊರಟಾಗ ಏನೂ ಆಗಿಲ್ಲವೆಂಬಂತೆ ಎಲ್ಲವೂ ಸರಿಯಾಗಿತ್ತು. ಅಂದಿನಿಂದ ಆ ಭಯ ನನ್ನನ್ನು ಬಿಟ್ಟಿಲ್ಲ.

ಮೈಮೇಲೆ ಗೀರುಗಳಿರುವ ದೊಡ್ಡ ಡಿಸ್ಕ್, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಆರು ಪಿಸ್ಟನ್ನಿನ ಕ್ಯಾಲಿಪರ್, ಉಕ್ಕಿನ ಹೆಣಿಗೆಯ ಹೋಸ್ ಪೈಪುಗಳಿರುವ ಒಂದು ಪೂರ್ಣ ಕಿಟ್ ಹಾಕಿಸಿದರೆ ನಿಲ್ಲುವ ದೂರ ಅರ್ಧಕ್ಕೆ ಇಳಿಯುತ್ತದೆ ಎಂದು ಬಿಡಿಭಾಗ ಮಾರುವವರೊಬ್ಬರು ಹೇಳಿದ್ದಾರೆ. ಇದು ನಿಜವೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಅರ್ಧಕ್ಕೆ ಇಳಿಯುತ್ತದೆ ಎಂಬುದು ಸಾಧ್ಯವಿಲ್ಲದ ಮಾತು. ಬ್ರೇಕ್ ಮಾಡುವುದು ಚಕ್ರವನ್ನು ನಿಲ್ಲಿಸುವ ಕೆಲಸವನ್ನಷ್ಟೇ. ವಾಹನವನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಒಣಗಿದ ಡಾಂಬರು ರಸ್ತೆಯಲ್ಲಿ ಘರ್ಷಣಾಂಕ (ಹಿಡಿತದ ಅಳತೆ) ಸುಮಾರು 0.8 ಎಂದಿಟ್ಟುಕೊಂಡರೆ ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಲ್ಲಲು, ಚಾಲಕ ಎಚ್ಚೆತ್ತು ಪೆಡಲ್ ಒತ್ತುವವರೆಗಿನ ದೂರವನ್ನು ಬಿಟ್ಟು, ಹೆಚ್ಚುಕಡಿಮೆ 49 ಮೀಟರ್ ಬೇಕಾಗುತ್ತದೆ. ಕ್ಯಾಲಿಪರಿನಲ್ಲಿ ಎರಡು ಪಿಸ್ಟನ್ ಇರಲಿ, ಆರು ಇರಲಿ, ಈಗಿರುವ ಬ್ರೇಕೇ ಎಬಿಎಸ್ಸನ್ನು ಎಬ್ಬಿಸುವಷ್ಟು ಬಲ ಕೊಡುತ್ತಿದ್ದರೆ ಈ ದೂರ ಬದಲಾಗುವುದಿಲ್ಲ. ಆ ಸ್ಥಿತಿಯಲ್ಲಿ ಅದನ್ನು ಕಡಿಮೆ ಮಾಡಬಲ್ಲದ್ದು ಒಳ್ಳೆಯ ಟೈರು ಮಾತ್ರ. ನೀವು ಹಾಕಿಸಿರುವುದು ಕೆಸರಿಗೆಂದು ಮಾಡಿದ ಒರಟು ಟೈರುಗಳಾಗಿದ್ದರೆ ಒದ್ದೆ ಡಾಂಬರಿನ ಮೇಲೆ ಅವು ಹಳೆಯವಕ್ಕಿಂತ ಕಡಿಮೆ ಹಿಡಿಯುವ ಸಂಭವವೇ ಹೆಚ್ಚು.

ಆದರೆ ಇಳಿಜಾರಿನಲ್ಲಿ ನಿಮಗಾದದ್ದು ಬೇರೆಯೇ ತೊಂದರೆ. ಅದು ಶಾಖದ ತೊಂದರೆ. ಸರಕೂ ಸೇರಿ 3500 ಕಿಲೋ ತೂಗುವ ವಾಹನವನ್ನು ಗಂಟೆಗೆ 100 ಕಿಲೋಮೀಟರಿನಿಂದ ಒಮ್ಮೆ ನಿಲ್ಲಿಸುವಾಗ ಸುಮಾರು 13.5 ಲಕ್ಷ ಜೂಲ್ ಶಕ್ತಿ ಶಾಖವಾಗಿ ಬ್ರೇಕಿನೊಳಗೆ ಸೇರುತ್ತದೆ. ಇದರಲ್ಲಿ ನೂರಕ್ಕೆ 70 ಭಾಗ ತಲಾ ಹತ್ತು ಕಿಲೋ ತೂಗುವ ಮುಂದಿನ ಎರಡು ಡಿಸ್ಕುಗಳಿಗೆ ಹೋಯಿತೆಂದರೆ ಒಂದೇ ನಿಲುಗಡೆಗೆ ಅವು ನೂರು ಡಿಗ್ರಿಯಷ್ಟು ಬಿಸಿಯಾಗುತ್ತವೆ. ಇಳಿಜಾರಿನಲ್ಲಿ ಡಿಸ್ಕ್ ತಣಿಯುವ ಮೊದಲೇ ನೀವು ಮತ್ತೆ ಮತ್ತೆ ಒತ್ತುತ್ತೀರಿ. ಭಾರವಾದ, ಒಳಗೆ ಗಾಳಿಯಾಡುವ ದೊಡ್ಡ ಡಿಸ್ಕ್ ನಿಜವಾಗಿ ನೆರವಾಗುವುದು ಇಂಥಲ್ಲಿಯೇ. ಅದು ಮೊದಲನೆಯ ನಿಲುಗಡೆಯನ್ನು ಚಿಕ್ಕದು ಮಾಡುವುದಿಲ್ಲ, ಹತ್ತನೆಯದೂ ಮೊದಲನೆಯದರಂತೆಯೇ ಇರುವಂತೆ ನೋಡಿಕೊಳ್ಳುತ್ತದೆ.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಬ್ರೇಕ್ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿರುವವನಾಗಿ, ಕಿಟ್ ಕೊಳ್ಳುವ ಮೊದಲು ಈಗಿರುವುದನ್ನು ಬಿಚ್ಚಿ ನೋಡಿಸಬೇಕೆಂದು ನಿಮ್ಮನ್ನು ಒತ್ತಾಯಿಸುತ್ತೇನೆ.

ಪೆಡಲ್ ಸ್ಪಂಜಿನಂತಾಗಿ, ತಣಿದ ಮೇಲೆ ತಾನಾಗಿ ಸರಿಹೋಯಿತು ಎಂದರೆ ಬ್ರೇಕ್ ಆಯಿಲ್ ಕುದಿದಿದೆ ಎಂದೇ ನನ್ನ ಅನುಮಾನ. ಪ್ಯಾಡ್ ಮಾತ್ರ ಕಾದು ಹಿಡಿತ ಬಿಟ್ಟಿದ್ದರೆ ಪೆಡಲ್ ಗಟ್ಟಿಯಾಗಿಯೇ ಇದ್ದು ವಾಹನ ನಿಲ್ಲುತ್ತಿರಲಿಲ್ಲ. ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿದುಬಿಡುತ್ತದೆ. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155, ಡಾಟ್ 5.1ರಲ್ಲಿ 260 ಮತ್ತು 180. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್ ಆದ್ದರಿಂದ ಅದನ್ನು ಇವುಗಳ ಜೊತೆ ಬೆರೆಸಲೇಬಾರದು. ಆಯಿಲನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ?

ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. ಅನೇಕ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲಿಗೂ ನಡುವೆ ಒಂದು ಸಣ್ಣ ಸರಳು ಇರುತ್ತದೆ. ಹೊರೆ ಬಿದ್ದು ಸ್ಪ್ರಿಂಗ್ ಕುಗ್ಗಿದಾಗ ಆ ಸರಳು ಮೇಲಕ್ಕೆ ತಳ್ಳಲ್ಪಟ್ಟು, ಅದಕ್ಕೆ ಜೋಡಿಸಿದ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ; ಖಾಲಿ ಇದ್ದಾಗ ಹಿಂದಿನ ಚಕ್ರ ಲಾಕ್ ಆಗದಂತೆ ಒತ್ತಡವನ್ನು ತಡೆಯುತ್ತದೆ. ನೀವು ಪಟ್ಟಿ ಸೇರಿಸಿದ್ದರಿಂದ ಈಗ ಒಂದು ಟನ್ ಹೇರಿದರೂ ಸ್ಪ್ರಿಂಗ್ ಮೊದಲಿನಷ್ಟು ಕುಗ್ಗುವುದಿಲ್ಲ, ಹಾಗಾಗಿ ವಾಲ್ವಿನ ಲೆಕ್ಕದಲ್ಲಿ ನಿಮ್ಮ ಗಾಡಿ ಇನ್ನೂ ಅರೆಖಾಲಿಯೇ. ಹಿಂದಿನ ಡ್ರಮ್ ಸುಮ್ಮನಿದ್ದು ಮುಂದಿನ ಡಿಸ್ಕುಗಳೇ ಎಲ್ಲ ಭಾರವನ್ನೂ ಹೊತ್ತು ಸುಟ್ಟಿರಬಹುದು. ಕೆಲವು ಹೊಸ ವಾಹನಗಳಲ್ಲಿ ಈ ಹಂಚಿಕೆಯನ್ನು ಇಲೆಕ್ಟ್ರಾನಿಕ್ ವ್ಯವಸ್ಥೆಯೇ ಮಾಡುತ್ತದೆ. ನಿಮ್ಮದರಲ್ಲಿ ಯಾವುದಿದೆ ಎಂದು ಕೆಳಗೆ ಬಗ್ಗಿ ನೋಡಿ.

ಉತ್ತರ 3

ನಾನು ಇಂಥದೇ ಕಿಟ್ ಹಾಕಿಸಿಕೊಂಡವನು, ಮತ್ತು ಅದರಿಂದ ಪ್ರಯೋಜನವೇ ಇಲ್ಲವೆಂದು ಹೇಳಲಾರೆ. ಮೊದಲನೆಯ ಉತ್ತರದಲ್ಲಿ ಹೇಳಿದ ನಿಯಮ ಸರಿಯಾದರೂ, ಎಬಿಎಸ್ ಏಳುವಷ್ಟು ಬಲ ಇದ್ದರೆ ಎಂಬ ಷರತ್ತು ಅದರಲ್ಲಿದೆ. ಖಾಲಿ ಪಿಕಪ್ ಆ ಷರತ್ತನ್ನು ಸುಲಭವಾಗಿ ಪೂರೈಸುತ್ತದೆ. ಹೊರೆ ತುಂಬಿದ, ದೊಡ್ಡ ಟೈರಿನ ಪಿಕಪ್ ಎಲ್ಲ ಸಲವೂ ಪೂರೈಸುವುದಿಲ್ಲ. 31ರಿಂದ 33 ಇಂಚಿಗೆ ಹೋದಾಗ, ಅಷ್ಟೇ ಪೆಡಲ್ ಒತ್ತಡಕ್ಕೆ ರಸ್ತೆಯ ಮೇಲೆ ಸಿಗುವ ಬ್ರೇಕ್ ಬಲ ನೂರಕ್ಕೆ ಆರರಷ್ಟು ತಗ್ಗುತ್ತದೆ. ಆದ್ದರಿಂದ ಸುರಕ್ಷಿತವಾದ, ನೇರವಾದ, ಯಾರೂ ಇಲ್ಲದ ಒಣ ಜಾಗದಲ್ಲಿ ಸರಕನ್ನು ಬಿಗಿಯಾಗಿ ಕಟ್ಟಿಕೊಂಡು, ಗಂಟೆಗೆ 50 ಕಿಲೋಮೀಟರ್ ವೇಗದಿಂದ ಪೆಡಲನ್ನು ಪೂರ್ತಿ ಒತ್ತಿ ನೋಡಿ. ಪೆಡಲ್ ಕಾಲಡಿಯಲ್ಲಿ ಟಕಟಕನೆ ನಡುಗಿದರೆ ಬ್ರೇಕಿನ ಬಲ ಸಾಕಷ್ಟಿದೆ ಎಂದರ್ಥ. ಎಷ್ಟು ಒತ್ತಿದರೂ ನಡುಗದಿದ್ದರೆ ದೊಡ್ಡ ಡಿಸ್ಕೋ ಹೆಚ್ಚು ಕಚ್ಚುವ ಪ್ಯಾಡೋ ನಿಲ್ಲುವ ದೂರವನ್ನೂ ನಿಜವಾಗಿ ಕಡಿಮೆ ಮಾಡುತ್ತದೆ.

ಆದರೆ ನಾನು ಪಟ್ಟ ಪಾಡನ್ನೂ ಹೇಳಬೇಕು. ನನ್ನ ಕಿಟ್ಟಿನ ಪಿಸ್ಟನ್ನುಗಳ ಒಟ್ಟು ವಿಸ್ತೀರ್ಣ ಹಳೆಯದಕ್ಕಿಂತ ಹೆಚ್ಚಾಗಿತ್ತು. ಅವನ್ನು ತಳ್ಳಲು ಹೆಚ್ಚು ಆಯಿಲ್ ಬೇಕು, ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಮಾತ್ರ ಹಳೆಯದೇ. ಪೆಡಲ್ ಉದ್ದಕ್ಕೆ ಇಳಿಯತೊಡಗಿತು. ಜೊತೆಗೆ ಮುಂದಿನ ಬ್ರೇಕ್ ಮಾತ್ರ ಬಲಗೊಂಡದ್ದರಿಂದ ಮುಂಚಕ್ರಗಳಲ್ಲಿ ಎಬಿಎಸ್ ಬೇಗ ಏಳುತ್ತಿತ್ತು, ಹಿಂದಿನ ಟೈರಿನ ಹಿಡಿತ ಬಳಕೆಯಾಗದೆ ಉಳಿಯುತ್ತಿತ್ತು. ವಾಹನದ ಮಾದರಿಗೆಂದೇ ಲೆಕ್ಕ ಹಾಕಿ ಮಾಡಿದ ಕಿಟ್ ಅಲ್ಲದಿದ್ದರೆ ದಯವಿಟ್ಟು ಕೊಳ್ಳಬೇಡಿ. ಗೀರುಗಳು ಪ್ಯಾಡಿನ ಮೈಯನ್ನು ಶುಚಿಯಾಗಿಡುತ್ತವೆ, ಅಷ್ಟೇ. ತೂತು ಕೊರೆದ ಡಿಸ್ಕುಗಳಲ್ಲಿ, ಹೊರೆ ಹೊರುವ ವಾಹನದ ಶಾಖಕ್ಕೆ, ತೂತಿನ ಅಂಚಿನಿಂದ ಬಿರುಕು ಬಿಡುವ ಅಪಾಯವಿದೆ. ಉಕ್ಕಿನ ಹೆಣಿಗೆಯ ಹೋಸ್ ಪೆಡಲನ್ನು ಬಿಗಿಗೊಳಿಸುತ್ತದೆ, ದೂರವನ್ನಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ನಾಲ್ಕೂ ಚಕ್ರಗಳನ್ನು ಬಿಚ್ಚಿಸಿದೆ. ಆಯಿಲ್ ಬದಲಿಸಿ ನಾಲ್ಕು ವರ್ಷಗಳಾಗಿದ್ದವು. ಹೊರತೆಗೆದದ್ದು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಎಡ ಮುಂಚಕ್ರದ ಕ್ಯಾಲಿಪರಿನಲ್ಲಿ, ಅದು ಆಚೀಚೆ ಜಾರಲು ಇರುವ ಒಂದು ಸ್ಲೈಡ್ ಪಿನ್ ತುಕ್ಕು ಹಿಡಿದು ಸುತ್ತಿಗೆಯ ಪೆಟ್ಟಿಗೂ ಅಲುಗದಂತೆ ಕಚ್ಚಿಕೊಂಡಿತ್ತು. ಅಲ್ಲಿನ ಒಳಗಿನ ಪ್ಯಾಡ್ ಹೆಚ್ಚುಕಡಿಮೆ ತಗಡಿನವರೆಗೆ ಸವೆದಿದ್ದರೆ ಹೊರಗಿನದು ಅರ್ಧವೂ ಸವೆದಿರಲಿಲ್ಲ. ಎರಡನೆಯ ಉತ್ತರದಲ್ಲಿ ಹೇಳಿದ ಸರಳೂ ಸಿಕ್ಕಿತು, ಖಾಲಿ ಸ್ಥಿತಿಯಲ್ಲಿ ಪೂರ್ತಿ ಕೆಳಕ್ಕೆ ಜೋತುಬಿದ್ದಿತ್ತು. ಹಿಂದಿನ ಡ್ರಮ್ಮಿನ ಶೂಗಳು ಹೊಸದರಂತೆಯೇ ಇದ್ದವು. ನನ್ನ ಹಿಂದಿನ ಬ್ರೇಕ್ ವರ್ಷದಿಂದ ಕೆಲಸವನ್ನೇ ಮಾಡಿಲ್ಲವೇನೋ ಎಂದು ಕೈಯಲ್ಲಿ ಹಿಡಿದು ನೋಡುತ್ತಾ ನಿಂತೆ.

ಪಿನ್, ಹೊಸ ಪ್ಯಾಡ್, ಡಾಟ್ 4 ಆಯಿಲ್ ಹಾಕಿಸಿ, ಡ್ರಮ್ ಹೊಂದಿಸಿ, ಸರಳನ್ನು ಕೈಪಿಡಿಯ ಅಳತೆಗೆ ತರಲು ಹೇಳಿದ್ದೇನೆ. ಕಿಟ್ಟನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಹೊಸ ಪ್ಯಾಡುಗಳನ್ನು ಪಳಗಿಸುವ ಕ್ರಮ ಹೇಗೆ?

ಉತ್ತರ 2

ಪ್ಯಾಡಿನ ತಯಾರಕರು ಕೊಟ್ಟ ಕ್ರಮವಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನಿಂದ 15ರವರೆಗೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಬಾರಿ ಹದವಾಗಿ ಬ್ರೇಕ್ ಒತ್ತಿ, ಅನಂತರ ಕೆಲವು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಬಿಸಿ ಇರುವಾಗ ಪೆಡಲ್ ಒತ್ತಿಕೊಂಡು ನಿಂತರೆ ಪ್ಯಾಡಿನ ಪದರ ಡಿಸ್ಕಿನ ಒಂದೇ ಕಡೆ ಅಂಟಿ, ಮುಂದೆ ಬ್ರೇಕ್ ಹಾಕಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ.

ಸರಳಿನ ಬಗ್ಗೆ ಒಂದು ಎಚ್ಚರಿಕೆ. ಕೈಪಿಡಿಯ ಅಳತೆ ಮೂಲ ಸ್ಪ್ರಿಂಗಿಗೆ ಹೊಂದುವಂಥದ್ದು, ನಿಮ್ಮದರಲ್ಲಿ ಒಂದು ಪಟ್ಟಿ ಹೆಚ್ಚಿದೆ. ಆದ್ದರಿಂದ ಖಾಲಿ ಇದ್ದಾಗ ಮತ್ತು ಹೊರೆ ಇದ್ದಾಗ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗುತ್ತಿದೆ ಎಂದು ಗೇಜ್ ಹಾಕಿ ಅಳೆಯಬಲ್ಲವರಿಂದಲೇ ಅದನ್ನು ಹೊಂದಿಸಿಕೊಳ್ಳಿ. ಅಂಥವರು ಸಿಗದಿದ್ದರೆ ಆ ಪಟ್ಟಿಯನ್ನು ತೆಗೆಸಿಬಿಡುವುದೇ ವಾಸಿ. ಮತ್ತೆ ಆ ಇಳಿಜಾರಿಗೆ ಹೋಗುವಾಗ ಇಳಿಯಲು ಆರಂಭಿಸುವ ಮೊದಲೇ ಗೇರ್ ಇಳಿಸಿಕೊಳ್ಳಿ.