ಪದ ಬೇಕು: ಲಾಸಿಕ್ ಆದ ಕಣ್ಣಿನ 'ರಚನಾತ್ಮಕ ಶಕ್ತಿ'

ಗೆಳೆಯರೇ,
ಲಾಸಿಕ್ (ಕನ್ನಡಕ ಬಿಡಿಸಲು ಕಣ್ಣಿಗೆ ಮಾಡುವ ಲೇಸರ್ ಶಸ್ತ್ರಚಿಕಿತ್ಸೆ) ಮಾಡಿಸಿಕೊಳ್ಳುವವರಿಗೆ ಕೊಡುವ ಮಾಹಿತಿ ಹಾಳೆ ಕನ್ನಡಕ್ಕೆ ಬರುತ್ತಿದೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಕೈಗೆ ಬಂದ ಕರಡಿನಲ್ಲಿ 'ಕಣ್ಣಿನ ರಚನಾತ್ಮಕ ಶಕ್ತಿ ಕುಗ್ಗಬಹುದು' ಅಂತಿದೆ. ರಚನಾತ್ಮಕ ಅಂದರೆ ಟೀಕೆ, ಸಲಹೆಗಳ ಜೊತೆ ಬರುವ ಮಾತು. ಕಣ್ಣಿನ ಶಕ್ತಿ ಅಂದರೆ ದೃಷ್ಟಿ ಅಂತಲೇ ಓದಿಕೊಳ್ಳುತ್ತಾರೆ. ಹೇಳಬೇಕಾದ್ದು ಬೇರೆ: ನೋಟ ಚೆನ್ನಾಗಿಯೇ ಇರಬಹುದು, ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆ) ಮಾತ್ರ ಒಳಗಿನ ಒತ್ತಡವನ್ನು ಮೊದಲಿನಷ್ಟು ತಡೆಯುವುದಿಲ್ಲ. ಕಾರ್ನಿಯಾ ಹೀಗೆ ಸೋತು ಉಬ್ಬುವ ಎಕ್ಟೇಸಿಯಾಗೂ ಕನ್ನಡದ ಪದ ಏನಾದರೂ ಇದೆಯಾ?

ಮರು:
'ಪಟಲದೃಢತೆ'. ಕಾರ್ನಿಯಾ ಯಾಕೆ? 'ಪಾರದರ್ಶಕ ಪಟಲ' ಇದೆ. ಎಕ್ಟೇಸಿಯಾಗೆ 'ಪಟಲವಿಸ್ತಾರ'.

ಮರು: ಮರು:
ಪಟಲವೂ ಸಂಸ್ಕೃತ, ದೃಢತೆಯೂ ಸಂಸ್ಕೃತ. ಒಂದು ಸಾಲ ತೀರಿಸಲು ಇನ್ನೊಂದು ಸಾಲ. 'ಗಟ್ಟಿತನ' ಸಾಕು. ಗಟ್ಟಿ ನಮ್ಮದು. ತಮಿಳಿನ ಕಟ್ಟಿ, ತೆಲುಗಿನ ಗಟ್ಟಿ, ಎಲ್ಲ ಒಂದೇ ಬೇರು.

ಮರು: ಮರು: ಮರು:
'-ತನ' ಪ್ರಾಕೃತದಿಂದ ಬಂದದ್ದು ಅನ್ನುವವರೂ ಇದ್ದಾರೆ. ಅಚ್ಚಗನ್ನಡದ ಹಟವನ್ನು ಆಸ್ಪತ್ರೆಗೆ ತರಬೇಡಿ.

ಮರು: ಮರು: ಮರು: ಮರು:
ಬೇರಿನ ಜಗಳ ಆಮೇಲೆ ಮಾಡೋಣ. ಮೊದಲು ವಿಷಯ ನೋಡಿ. ಕಾರ್ನಿಯಾದ ನಡುಭಾಗ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರ್ ಚಿಲ್ಲರೆ. ಒಬ್ಬರಿಗೆ 480 ಇದೆ, ಮೈನಸ್ 8 ಪವರ್ ಇದೆ ಅಂದುಕೊಳ್ಳಿ. ಲಾಸಿಕ್‌ನಲ್ಲಿ ಮೇಲಿನ 110 ಮೈಕ್ರಾನ್ ಪದರ ಎತ್ತುತ್ತಾರೆ. ಅದರ ಕೆಳಗೆ ಒಂದು ಪವರ್‌ಗೆ ಸುಮಾರು 14 ಮೈಕ್ರಾನ್‌ನಂತೆ ಲೇಸರ್ ಸವೆಸುತ್ತದೆ. ಅಲ್ಲಿಗೆ 112 ಹೋಯಿತು. ಉಳಿದದ್ದು 258. ವೈದ್ಯರು ಹಿಡಿಯುವ ಕೆಳಗಿನ ಗಡಿ 250. ಎತ್ತಿದ ಪದರವನ್ನು ಮತ್ತೆ ಕೂರಿಸಿದರೂ ಅದು ಒತ್ತಡ ಹೊರುವುದಕ್ಕೆ ಹೆಚ್ಚೇನೂ ನೆರವಾಗುವುದಿಲ್ಲ. ಕಾರ್ನಿಯಾದಲ್ಲಿ ಜಾಸ್ತಿ ಬಿಗಿ ಇರುವುದು ಮುಂಭಾಗದ ನಾರುಗಳಲ್ಲಿ, ಕತ್ತರಿಸುವುದೂ ಅವನ್ನೇ. ಪದರ ಎತ್ತದೆ ಮಾಡುವ ಪಿಆರ್‌ಕೆ ಎಂಬ ಲೇಸರ್ ಚಿಕಿತ್ಸೆ ತೆಳು ಕಾರ್ನಿಯಾದವರಿಗೆ ವಾಸಿ ಅನ್ನುವುದು ಇದಕ್ಕೇ.

ಹಾಗಾಗಿ 'ಗಟ್ಟಿತನ' ಅಂತಲೇ ಬರೆಯಿರಿ. ದೃಷ್ಟಿಯ ಜೊತೆ ಕಲೆಸಿಹೋಗದ ಮಾತು ಅದೊಂದೇ. 'ಪಟಲವಿಸ್ತಾರ' ಬೇಡವೇ ಬೇಡ. ಅದನ್ನು ಓದಿದರೆ ಕಣ್ಣು ದೊಡ್ಡದಾಗುತ್ತೆ ಅನ್ನಿಸುತ್ತದೆ. ಇಲ್ಲಿ ಆಗುವುದು ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವುದು. ಆದರೆ ಎಕ್ಟೇಸಿಯಾ ಅನ್ನುವ ಪದವನ್ನು ತೆಗೆಯಬೇಡಿ. ಡಾಕ್ಟರ್ ರಿಪೋರ್ಟಿನಲ್ಲಿ ಇರುವುದು ಅದೇ. ಹಾಳೆ ಓದಿದವರು ಅಲ್ಲಿ ಅದನ್ನು ಗುರುತಿಸಬೇಕು, ಅಲ್ವಾ?

ಮರು: ಮರು: ಮರು: ಮರು: ಮರು:
ಉಪಕಾರವಾಯಿತು. ಹೀಗೆ ಹೋಗುತ್ತಿದೆ: 'ಲಾಸಿಕ್ ಆದ ಮೇಲೆ ಕಾರ್ನಿಯಾ ತೆಳುವಾಗುತ್ತದೆ, ಅದರ ಗಟ್ಟಿತನ ಕಡಿಮೆಯಾಗುತ್ತದೆ. ಕೆಲವರಲ್ಲಿ ಅದು ಬರಬರುತ್ತಾ ಮುಂದಕ್ಕೆ ಉಬ್ಬಿ ನೋಟ ಮತ್ತೆ ಮಸುಕಾಗಬಹುದು. ಇದಕ್ಕೆ ಎಕ್ಟೇಸಿಯಾ ಎನ್ನುತ್ತಾರೆ. ಕಣ್ಣು ಉಜ್ಜಬೇಡಿ.'

ಮರು: ಮರು: ಮರು: ಮರು: ಮರು: ಮರು:
ಕಾರ್ನಿಯಾ ಹಾಗೇ ಉಳಿಯಿತು. ನನ್ನ ವಿರೋಧ ದಾಖಲಾಗಿರಲಿ.